ಜ್ಞಾನ ಗವಾಕ್ಷ

ನಮ್ಮ ಮನೆತನಕ್ಕೆ ಒಂದು ಕಿಟಕಿಯ ಬಗ್ಗೆ ಬಹಳ ಹೆಮ್ಮೆ. ಆ ಕಿಟಕಿ ನಮ್ಮ ಮನೆಯದಲ್ಲ, ಊರಿನ ಸರ್ಕಾರಿ ಶಾಲೆಯದು. ಪಶ್ಚಿಮದ ಗೋಡೆಯಲ್ಲಿ, ಕಾಲೊನಿಯ ಕಡೆ ಮುಖ ಮಾಡಿಕೊಂಡಿತ್ತು. ಉದ್ದನೆಯ ಕಬ್ಬಿಣದ ಕಂಬಿಗಳು, ಅಗಲವಾದ ಚೌಕಟ್ಟು. ಹಿಂದಿನ ಕಾಲದಲ್ಲಿ ಕಾಲೊನಿಯ ಮಕ್ಕಳು ನಮ್ಮ ಬೀದಿಯ ಮಕ್ಕಳ ಜೊತೆ ಒಳಗೆ ಕೂರುವ ಹಾಗಿರಲಿಲ್ಲ. ಆಗ ನಮ್ಮಜ್ಜ ಚಿಕ್ಕೀರಪ್ಪನವರು ಸ್ವಂತ ಖರ್ಚಿನಿಂದ ಆ ಕಿಟಕಿ ಇಡಿಸಿ, ಆ ಮಕ್ಕಳು ಹೊರಗೆ ಕೂತೇ ಪಾಠ ಕೇಳುವ ಅನುಕೂಲ ಮಾಡಿಕೊಟ್ಟರು. ಇದು ನಾನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಕಥೆ.

ಅಪ್ಪ ಬೊಮ್ಮಲಿಂಗಪ್ಪ ಚಳ್ಳಕೆರೆ ಮಾರುಕಟ್ಟೆಯಲ್ಲಿ ಶೇಂಗಾ ಮಂಡಿ ಇಟ್ಟವರು. ಮನೆಗೆ ಬಂದು ಹೋಗುವವರು ಜಾಸ್ತಿ. ಬಂದವರಿಗೆಲ್ಲ ಕಾಫಿಯ ಜೊತೆಗೆ ಈ ಕಥೆಯೂ ಸಿಗುತ್ತಿತ್ತು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಸಿಕ್ಕಿತು. ನಾನು ತಟ್ಟೆ ಹಿಡಿದು, ನೆಲ ನೋಡುತ್ತ ನಿಂತಿದ್ದೆ.

"ಆ ಕಾಲದಾಗೇ ನಮ್ಮಪ್ಪ ಅಂಥಾ ಕೆಲ್ಸ ಮಾಡಿದ್ರು ಅಂದ್ರೆ ನೋಡ್ರಿ. ಯಾರಿಗಿತ್ತು ಆ ಧೈರ್ಯ? ಗಾಳಿ, ಬೆಳಕು ಎಲ್ಲಾ ಆ ಮಕ್ಳಿಗೇ. ಒಳಗೆ ಕುಂತೋರೇ ಸೆಕೆಗೆ ಬೆಂದು ಹೋಗ್ತಿದ್ರು."

ಗಂಡಿನ ತಂದೆ ತಲೆಯಾಡಿಸಿದರು. ಹುಡುಗ ಮಾತ್ರ ಸುಮ್ಮನಿರಲಾರದೆ, "ಮಳೆ ಬಂದ್ರೆ?" ಎಂದು ಕೇಳಿಬಿಟ್ಟ.

"ನಮ್ ಕಡೆ ಮಳೆ ಎಲ್ಲೈತೆ ಬಿಡ್ರಿ" ಎಂದರು ಅಪ್ಪ.

ಆ ಸಂಬಂಧ ಕೂಡಿಬರಲಿಲ್ಲ. ಹುಡುಗ ಜಾಸ್ತಿ ಮಾತಾಡುತ್ತಾನೆ ಎಂದು ಅಪ್ಪನೇ ಬೇಡವೆಂದರು. ನನಗೆ ಅವನು ಕೇಳಿದ ಪ್ರಶ್ನೆ ಇಷ್ಟವಾಗಿತ್ತು. ಆದರೆ ನನ್ನನ್ನು ಯಾರೂ ಕೇಳಲಿಲ್ಲ, ನಾನಾಗಿ ಹೇಳುವವಳೂ ಅಲ್ಲ.

ಈ ವರ್ಷ ಶಾಲೆಗೆ ಅಮೃತ ಮಹೋತ್ಸವ ಬಂತು. ಈಗ ಆ ಶಾಲೆಯ ಒಳಗೆ ಕೂರುವವರೆಲ್ಲ ಕಾಲೊನಿಯ ಮಕ್ಕಳೇ. ನಮ್ಮ ಬೀದಿಯ ಮಕ್ಕಳನ್ನು ಬೆಳಗಾಗುತ್ತಲೇ ಹಳದಿ ವ್ಯಾನೊಂದು ತುಂಬಿಕೊಂಡು ಚಳ್ಳಕೆರೆಯ ಕಾನ್ವೆಂಟಿಗೆ ಹೋಗುತ್ತದೆ. ಅಜ್ಜ ಬೆಳೆಸಿದ ಶಾಲೆಯಲ್ಲಿ ನಮ್ಮ ಮನೆಯ ಒಂದು ಮಗುವೂ ಯಾಕಿಲ್ಲ ಎಂದು ಯಾರಾದರೂ ಕೇಳಿದರೆ, "ಅದು ಮೀಡಿಯಂ ಪ್ರಶ್ನೆ ಕಣ್ರಿ, ಬೇರೆ ಏನಿಲ್ಲ" ಎನ್ನುತ್ತಾರೆ ಚಿಕ್ಕಪ್ಪ ಹೊನ್ನೂರಸ್ವಾಮಿ. ತಳಕಿನಲ್ಲಿ ಗೊಬ್ಬರದಂಗಡಿ ಇಟ್ಟಿರುವ ಚಿಕ್ಕಪ್ಪನ ಬಳಿ ಎಲ್ಲ ಪ್ರಶ್ನೆಗೂ ಚೀಲ ಕಟ್ಟಿಟ್ಟ ಹಾಗೆ ಉತ್ತರ ಸಿದ್ಧವಿರುತ್ತದೆ.

ಕಿಟಕಿಯ ಕೆಳಗೆ ಅಜ್ಜನ ಹೆಸರಿನ ಕಲ್ಲು ಕೂರಿಸಬೇಕು, ಶಾಲೆಗೆಲ್ಲ ಬಣ್ಣ ಹೊಡೆಸಿಕೊಡಬೇಕು, ಕಿಟಕಿಗೊಂದು ಘನವಾದ ಹೆಸರಿಡಬೇಕು ಎಂದು ಅಪ್ಪ ತೀರ್ಮಾನಿಸಿದರು. ಹೆಸರು ಚಿಕ್ಕಪ್ಪನದೇ: ಜ್ಞಾನ ಗವಾಕ್ಷ. ಕಲ್ಲಿನ ಮೇಲಿನ ಬರಹ ಯಾರಿಂದ ಎಂಬ ಮಾತು ಬಂದಾಗ ಅಪ್ಪ ಮೊದಲ ಸಲ ಅಡುಗೆಮನೆಯ ಕಡೆ ತಿರುಗಿ ನನ್ನನ್ನು ಕರೆದರು.

"ಸೌಂದರ್ಯಾ, ಬಾರವ್ವ ಇಲ್ಲಿ. ಕನ್ನಡ ಎಂ.ಎ. ಮಾಡಿದ್ದು ಯಾವಾಗ ಉಪಯೋಗಕ್ಕೆ ಬರ್ಬೇಕು? ನಿಮ್ಮಜ್ಜನ ಬಗ್ಗೆ ನಾಕು ಸಾಲು ಬರಿ. ಓದಿದೋರ ಕಣ್ಣಾಗೆ ನೀರು ಬರ್ಬೇಕು."

ಬರೆದೆ. 'ದೀನರ ಮಕ್ಕಳ ಬಾಳಿಗೂ ಅರಿವಿನ ಬೆಳಕು ಹರಿಯಲೆಂದು ಕಲ್ಲಿನ ಗೋಡೆಯನ್ನೇ ತೆರೆದ ಕರುಣಾಳು' ಎಂದು ಶುರುವಾಗುತ್ತಿತ್ತು. ಅಪ್ಪ ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಮಂಡಿಯ ಗೆಳೆಯರಿಗೆಲ್ಲ ಫೋನು ಮಾಡಿ ಓದಿ ಹೇಳಿದರು. "ನನ್ ಮಗಳು ಬರ್ದಿದ್ದು. ಹೂಂ, ನಮ್ ಸೌಂದರ್ಯನೇ. ಮಾತಾಡಲ್ಲ ಅಷ್ಟೇ, ಒಳಗೆಲ್ಲಾ ಐತೆ" ಎನ್ನುವುದು ನನ್ನ ಕೋಣೆಯವರೆಗೂ ಕೇಳಿಸುತ್ತಿತ್ತು. ನನಗೆ ಅದು ಎಷ್ಟು ಹಿತವಾಗಿತ್ತೆಂದರೆ, ಬಾಗಿಲು ಸ್ವಲ್ಪ ಸರಿಸಿಟ್ಟುಕೊಂಡೇ ಕೂತಿದ್ದೆ.

ಕಲ್ಲು ಕೂರಿಸಲು ಶಾಲೆಯ ಸಮಿತಿ ಒಪ್ಪಬೇಕಿತ್ತು. ಸಮಿತಿ ಎಂದರೆ ಅಲ್ಲಿ ಓದುವ ಮಕ್ಕಳ ತಂದೆತಾಯಿ. ಅದರ ಅಧ್ಯಕ್ಷೆ ಕಾಲೊನಿಯ ಶಾಂತಕುಮಾರಿ. ಆಶಾ ಕಾರ್ಯಕರ್ತೆ. ಗುಲಾಬಿ ಸೀರೆಯುಟ್ಟು ಮನೆಮನೆಗೆ ತಿರುಗುವ ಅವಳಿಗೆ ಊರಿನ ಎಲ್ಲರ ಬಿಪಿ ಗೊತ್ತು. ಅಪ್ಪ ನನ್ನನ್ನೂ ಜೊತೆಗೆ ಕರೆದುಕೊಂಡು ಶಾಲೆಗೆ ಹೋದರು. ನನ್ನ ಬರಹವನ್ನು ಓದಿ ಹೇಳಿದರು. ಅದು ಮುಗಿಯುವ ಮೊದಲೇ ಹೆಡ್ಮಾಸ್ತರರು ಚಪ್ಪಾಳೆ ತಟ್ಟಿದರು.

ಶಾಂತಕುಮಾರಿ ಕಿಟಕಿಯ ಕಡೆ ನೋಡಿದಳು. "ನಮ್ಮಪ್ಪಂಗೆ ಈ ಕಿಟಕಿ ಚೆನ್ನಾಗ್ ಗೊತ್ತು ಕಣ್ರಿ" ಎಂದಳು.

"ಮತ್ತೆ! ಯತ್ತಪ್ಪ ಇದರಾಗೇ ತಾನೇ ಓದಿದ್ದು?" ಅಪ್ಪನಿಗೆ ಸಾಕ್ಷಿ ಸಿಕ್ಕ ಸಂತೋಷ. "ಕಾರ್ಯಕ್ರಮದ ದಿನ ಕರ್ಕಂಡ್ ಬಾರವ್ವ. ಸ್ಟೇಜ್ ಮ್ಯಾಲೆ ಕೂರ್ಸಿ ಎರಡು ಮಾತಾಡಿಸ್ತೀವಿ."

"ಬರಲ್ಲ ಬಿಡ್ರಿ. ಸ್ಲೇಟು ಕಂಬಿಗೆ ಒತ್ತಿ ಹಿಡಿದು ತೋರಿಸ್ಬೇಕಿತ್ತಂತೆ. ಮೇಷ್ಟ್ರು ಅಕ್ಷರ ತಿದ್ದಕ್ಕೆ ಕೈ ಚಾಚ್ತಿರ್ಲಿಲ್ಲ, ಹೊಡಿಯಕ್ಕೆ ಮಾತ್ರ ಕೋಲು ಆಚೆ ಬರ್ತಿತ್ತಂತೆ. ಈಗ್ಲೂ ನಗ್ತಾ ಹೇಳ್ತಾನೆ." ಅವಳೂ ನಕ್ಕಳು. ಹೆಡ್ಮಾಸ್ತರರು ನಗಬೇಕೋ ಬೇಡವೋ ಎಂದು ಅಪ್ಪನ ಮುಖ ನೋಡಿದರು. "ಬಣ್ಣ ಹೊಡಿಸ್ತೀರಲ್ಲ, ಹಂಗಾದ್ರೆ ಹಾಕ್ಕಳ್ರಿ ಕಲ್ಲು. ಮಳೆಗಾಲಕ್ಕೆ ಮುಂಚೆ ಗೋಡೆ ಚೆನ್ನಾಗಾದ್ರೆ ಸಾಕು."

ಹೀಗೆ ಒಪ್ಪಿಗೆಯಾಯಿತು. ಗಾರೆ ಕೆಲಸದ ಗಾದ್ರಪ್ಪ ಬಂದು ಕಿಟಕಿಯ ಕೆಳಗೆ ಅಳತೆ ಗುರುತು ಹಾಕಿದ. ಕಲ್ಲು ಕೂರಲು ಗೋಡೆ ತುಸು ಕೆತ್ತಿದರೆ ಸಾಕೆಂದ. ಅಪ್ಪ ಒಪ್ಪಲಿಲ್ಲ.

"ತುಸು ಗಿಸು ಅಂದ್ರೆ ಆಗಲ್ಲ ಕಣಲೇ. ನಾಳೆ ಯಾವನೋ ಬಂದು ಕಿತ್ತಾಕಿದ್ರೆ? ಆಳವಾಗಿ ಕೆತ್ತು. ನಮ್ ಮೊಮ್ಮಕ್ಕಳ ಮೊಮ್ಮಕ್ಕಳೂ ನೋಡ್ಬೇಕು."

ಗಾದ್ರಪ್ಪ ಆಳವಾಗಿ ಕೆತ್ತಿದ. ಇನ್ನೂ ಆಳವಾಗಿ ಎಂದರು ಅಪ್ಪ. ಶಾಲೆಯ ಗೋಡೆಯೆಲ್ಲ ಕಲ್ಲಿನದು. ಕಿಟಕಿಯ ಕೆಳಗಿನ ತುಂಡು ಮಾತ್ರ ಗಾರೆಯ ಹಿಂದೆ ಬರೀ ಹಸಿ ಇಟ್ಟಿಗೆ. ಅದು ಗಾದ್ರಪ್ಪನಿಗೆ ತಿಳಿಯುವಷ್ಟರಲ್ಲಿ ಒಂದು ಇಟ್ಟಿಗೆ ಜಾರಿತು, ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ತುಂಡು ಕುಸಿದು ಬಿತ್ತು. ನಾವೆಲ್ಲ ಮೂಗು ಮುಚ್ಚಿಕೊಂಡು ಹಿಂದೆ ಸರಿದೆವು. ಮೇಲಿನ ಚೌಕಟ್ಟು ತಲೆ ಮೇಲೆ ಬೀಳುತ್ತದೆಂದು ಗಾದ್ರಪ್ಪ ಅದನ್ನೂ ಕಂಬಿಗಳ ಸಮೇತ ಇಳಿಸಿ ಪಕ್ಕಕ್ಕಿಟ್ಟ.

ಧೂಳು ಇಳಿಯಿತು. ಎರಡೂ ಪಕ್ಕದಲ್ಲಿ ನೆಲದಿಂದ ಮೇಲಿನವರೆಗೆ ಉಳಿಯಿಂದ ಕೆತ್ತಿದ ಕಲ್ಲಿನ ನಿಲುಗಂಬ. ಕೆಳಗೆ ಕಲ್ಲಿನ ಹೊಸ್ತಿಲು, ಮಕ್ಕಳ ಕಾಲು ತುಳಿದು ತುಳಿದು ನಡುವೆ ತುಸು ನುಣುಪಾಗಿತ್ತು.

"ಬಾಗ್ಲು ಕಣ್ರಿ ಇದು" ಎಂದ ಗಾದ್ರಪ್ಪ.

"ಬಾಗ್ಲು ಎಲ್ಲಿಂದ ಬರ್ತೈತೆ? ದೊಡ್ಡದೊಂದು ಗೂಡು ಇದ್ದಿರ್ಬೇಕು" ಎಂದರು ಚಿಕ್ಕಪ್ಪ.

"ಹೊಸ್ತಿಲಿರೋ ಗೂಡಾ ಸ್ವಾಮೀ?"

ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು. ಮಕ್ಕಳು ಸಾಮಾನ್ಯವಾಗಿ ಮುಂಬಾಗಿಲಿಂದ ಹೊರಟು ಕಟ್ಟಡ ಸುತ್ತಿಕೊಂಡು ಹಿಂದಿನ ಅಡುಗೆ ಕೋಣೆಗೆ ಬರಬೇಕು. ಅವತ್ತು ಮೊದಲನೆಯವಳು ಆ ಕಡೆ ಬೆಳಕು ನೋಡಿದಳು, ತಟ್ಟೆ ಎದೆಗವಚಿಕೊಂಡು ನೇರವಾಗಿ ಹೊಸ್ತಿಲು ದಾಟಿ ಬಂದಳು. ಹಿಂದೆಯೇ ಎಲ್ಲರೂ ಬಂದರು. ಅಪ್ಪನ ಬಿಳಿ ಪಂಚೆಗೆ ಮಣ್ಣು ಮೆತ್ತಿಸಿ ಓಡಿದರು.

ಮನೆಗೆ ಬಂದಾಗ ಅಜ್ಜಿ ನಿಂಗಕ್ಕ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅಜ್ಜಿಯ ತವರು ಮೊಳಕಾಲ್ಮೂರಿನ ಆಚೆ, ಆಂಧ್ರದ ಗಡಿಗೆ ತಾಗಿದ ಊರು. ಸಿಟ್ಟು ಬಂದರೆ, ಅಥವಾ ಬಹಳ ಖುಷಿಯಾದರೆ, ತೆಲುಗಿಗೆ ಹೊರಳುತ್ತಾಳೆ.

"ಅಜ್ಜಿ, ಶಾಲೇಲಿ ಆ ಕಿಟಕಿ ಇತ್ತಲ್ಲ, ಅದು ಮೊದ್ಲು ಬಾಗ್ಲಾ?" ಎಂದು ಕೇಳಿದೆ.

"ಹೂಂ ಮತ್ತೆ."

"ಒಂದು ದಿನಾನೂ ಹೇಳ್ಲಿಲ್ವಲ್ಲ ನೀನು!"

"ಯಾರ್ ಕೇಳಿದ್ರೇ? ನೀವೆಲ್ಲಾ ಕಿಟಕಿ ಕಿಟಕಿ ಅಂತಿದ್ರಿ. ನಾನೂ ಹೂಂ ಅಂತಿದ್ದೆ." ಅಜ್ಜಿ ಬೀಜವೊಂದನ್ನು ಬುಟ್ಟಿಗೆ ಎಸೆದಳು. "ಆ ಮಕ್ಳು ಆ ಬಾಗ್ಲಿಂದ ಬಂದು ಹಿಂದ್ಗಡೆ ಸಾಲಿನಾಗೆ ಕುಂದರ್ತಿದ್ವು. ನಮ್ ಬೀದಿಯೋರಿಗೆ ಅದು ಆಗಿ ಬರ್ಲಿಲ್ಲ. ನಮ್ ಮಕ್ಕಳನ್ನ ಕಳ್ಸಲ್ಲ ಅಂತ ಕುಂತ್ರು. ದುರ್ಗದಿಂದ ಇನ್ಸ್‌ಪೆಕ್ಟ್ರು ಬಂದು, ಯಾರನ್ನೂ ಆಚೆ ಹಾಕಂಗಿಲ್ಲ, ಕಾನೂನು ಐತೆ ಅಂದ. ನಿಮ್ಮಜ್ಜ ಬುದ್ಧಿವಂತ. ಯಾರನ್ನೂ ಆಚೆ ಹಾಕ್ಲಿಲ್ಲ. ಆ ಬಾಗ್ಲು ಮುಚ್ಚಿಸ್ದ, ಅಷ್ಟೇ."

"ಇನ್ನೊಂದು ಬಾಗ್ಲು ಇತ್ತಲ್ಲ, ಮುಂದಿಂದು?"

"ಇತ್ತು. ಅದು ಇರೋದು ಗುಡಿ ಬೀದಿಯಾಗೆ. ಆ ಬೀದಿಯಾಗೆ ಅವ್ರು ಕಾಲಿಡಂಗಿರ್ಲಿಲ್ವಲ್ಲ. ಒಳಗ್ ಬರಬ್ಯಾಡ್ರಿ ಅಂತ ನಿಮ್ಮಜ್ಜ ಯಾವತ್ತೂ ಅನ್ಲಿಲ್ಲ ಕಣವ್ವ. ಬಾಗ್ಲು ಎಲ್ರಿಗೂ ತೆಗ್ದೇ ಐತೆ ಅಂತಿದ್ದ. ಇನ್ಸ್‌ಪೆಕ್ಟ್ರು ಮತ್ತೆ ಬಂದು ಕಿಟಕಿ ನೋಡಿ ಖುಷಿಪಟ್ಟ. ನಮ್ಮನೇಲೇ ಉಂಡ. ಹೋಳಿಗೆ ಮಾಡಿದ್ದೆ."

ಕೇಳುವುದಕ್ಕೆ ಇನ್ನೇನೂ ಉಳಿದಿಲ್ಲ ಎಂದುಕೊಂಡೆ. ಅಜ್ಜಿಗೆ ಹೇಳುವುದು ಉಳಿದಿತ್ತು.

"ಮಣ್ಣು ಕಲಸಿದ್ದು ನಾನೇ. ಮದ್ವೆಯಾಗಿ ಇನ್ನೂ ಕೈಯಾಗಿನ ಗೋರಂಟಿ ಹೋಗಿರ್ಲಿಲ್ಲ. ಮಣ್ಣಿನ ಕೆಲ್ಸಕ್ಕೆ ಯಾವಾಗ್ಲೂ ಕಾಲೊನಿಯೋರೇ ಬರೋರು. ಅವತ್ತು ಅವರನ್ನ ಹೆಂಗ್ ಕರೀತಾರೆ? ಅದಕ್ಕೇ ಮನೆ ಹೆಂಗಸ್ರು ಹೋದ್ವಿ. ಆ ಹುಡುಗ್ರು ದೂರದಾಗೆ ನಿಂತ್ಕಂಡು ನೋಡ್ತಿದ್ವು. ಶಾಲೆ ರಿಪೇರಿ ಮಾಡ್ತಾ ಇದೀವೇನೋ ಅನ್ಕಂಡು ಒಬ್ಬ ನೀರು ತಂದ್ಕೊಡ್ಲಾ ಅಂತ ಕೇಳ್ದ."

ಅಪ್ಪ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. "ಅವ್ವಂಗೆ ವಯಸ್ಸಾತು. ಎಲ್ಲಿಂದೋ ಎಲ್ಲಿಗೋ ಸೇರಿಸ್ತಾಳೆ" ಎಂದು ನನ್ನನ್ನು ನೋಡದೆ ಹೇಳಿದರು.

"ನೀಕೇಂ ತೆಲುಸುರಾ, ನಿಂಗೇನೋ ಗೊತ್ತು? ನೀ ಇನ್ನೂ ಹುಟ್ಟೇ ಇರ್ಲಿಲ್ಲ" ಎಂದಳು ಅಜ್ಜಿ.

ಮಾರನೆಯ ದಿನ ಶಾಂತಕುಮಾರಿ ಮನೆಗೆ ಬಂದಳು. ಅಪ್ಪ ತಲೆಬಾಗಿಲಿಗೆ ಅಡ್ಡ ನಿಂತು, "ಬಾರವ್ವ, ಒಳಗ್ ಬಾ, ನಮ್ಮನೇಲಿ ಈಗ ಹಂಗೆಲ್ಲಾ ಏನಿಲ್ಲ" ಎಂದು ಕರೆದರು. ಅವರು ಪಕ್ಕಕ್ಕೆ ಸರಿಯದ ಹೊರತು ಒಳಗೆ ಬರಲು ದಾರಿ ಇರಲಿಲ್ಲ. ಅವಳು ಅಂಗಳದಲ್ಲೇ ನಿಂತಳು. ಚಿಕ್ಕಪ್ಪ ಪ್ಲಾಸ್ಟಿಕ್ ಕುರ್ಚಿ ತಂದು ಅಲ್ಲಿಯೇ ಹಾಕಿದರು. "ಇಲ್ಲೇ ಕುಂತ್ಕ. ಗಾಳಿ ಚೆನ್ನಾಗೈತೆ."

ನನ್ನವ್ವ ಕಾಫಿ ತಂದಳು. ಅಪ್ಪ, ಚಿಕ್ಕಪ್ಪನಿಗೆ ಸ್ಟೀಲ್ ಲೋಟ. ಶಾಂತಕುಮಾರಿಗೆ ಪೇಪರ್ ಲೋಟ.

"ಸ್ವಚ್ಛತೆ ಒಳ್ಳೇದು ನೋಡವ್ವ, ಈಗಿನ ಕಾಯಿಲೆಗಳ ಕಾಲದಾಗೆ" ಎಂದರು ಚಿಕ್ಕಪ್ಪ.

"ಸ್ವಚ್ಛತೆ ಬಗ್ಗೆ ಮನೆಮನೆಗೂ ಹೇಳೋದು ನಾನೇ ಅಲ್ವೇನ್ರಿ?" ಶಾಂತಕುಮಾರಿ ಲೋಟವನ್ನು ಕುರ್ಚಿಯ ಪಕ್ಕದಲ್ಲಿ ಇಟ್ಟಳು, ಕುಡಿಯಲಿಲ್ಲ. "ಇರ್ಲಿ. ಆ ಬಾಗ್ಲು ಹಂಗೇ ಇರ್ಬೇಕು. ಮಕ್ಳಿಗೆ ಊಟಕ್ಕೆ ಹತ್ರ ಆಗೈತೆ. ಮತ್ತೆ ಕಲ್ಲಿನ ವಿಷ್ಯ."

"ಕಲ್ಲು ಬ್ಯಾಡ ಬಿಡವ್ವ" ಅಪ್ಪ ಥಟ್ಟನೆ ಅಂದರು. "ನಮ್ಮಪ್ಪಂಗೆ ಹೆಸರಿನ ಆಸೆ ಯಾವತ್ತೂ ಇರ್ಲಿಲ್ಲ."

"ಹಂಗಂದ್ರೆ ಹೆಂಗ್ರಿ? ನೀವೇ ಅಲ್ವಾ ಹೆಸ್ರು ಬೇಕೇ ಬೇಕು ಅಂತ ಬಂದಿದ್ದು? ಹಾಕ್ರಿ. ದೊಡ್ಡದಾಗಿ ಹಾಕ್ರಿ. ಚಿಕ್ಕೀರಪ್ಪನೋರು ಈ ಬಾಗ್ಲು ಮುಚ್ಚಿಸಿದ್ರು, ಯಾಕ್ ಮುಚ್ಚಿಸಿದ್ರು, ಎಲ್ಲಾ ಹಾಕ್ರಿ. ಕಾಲೊನಿಯಾಗಿನ ಮುದುಕ್ರಿಗೆ ಇನ್ನೂ ನೆನಪೈತೆ. ನಮ್ಮಪ್ಪನೂ ಒಪ್ಪವ್ನೆ. ಹೆಸ್ರು ಹಾಕಿದ್ರೆ ಸ್ಟೇಜಿಗೂ ಬರ್ತಾನಂತೆ."

"ಸತ್ತೋರ ಬಗ್ಗೆ ಹಿಂಗೆಲ್ಲಾ..."

"ಬದುಕಿರೋರ ಬಗ್ಗೆ ನಿಮ್ ಕಲ್ಲಿನಾಗೆ 'ದೀನರು' ಅಂತಿತ್ತಲ್ಲ. ನಾವೇನ್ ಬ್ಯಾಡ ಅಂದ್ವಾ?"

ಆ ಪದ ನನ್ನದು. ನಾನು ಕಂಬದ ಹಿಂದೆ ನಿಂತಿದ್ದೆ. ಅವಳು ನನ್ನನ್ನು ನೋಡಿ ಹೇಳಲಿಲ್ಲ. ನೋಡಿದ್ದರೆ ಇನ್ನೂ ಸುಲಭವಾಗಿರುತ್ತಿತ್ತೇನೋ.

ಅವಳು ಹೋದ ಮೇಲೆ ಅಂಗಳದಲ್ಲಿ ದೊಡ್ಡ ಸಮಾಲೋಚನೆ ನಡೆಯಿತು. ಆಹ್ವಾನ ಪತ್ರಿಕೆ ಆಗಲೇ ಹಂಚಿಯಾಗಿತ್ತು. ಅದರಲ್ಲಿ ಕಲ್ಲಿನ ಅನಾವರಣ ಇತ್ತು, 'ಫಲಕದ ಬರಹ: ಕುಮಾರಿ ಸೌಂದರ್ಯ, ಎಂ.ಎ.' ಎಂದೂ ಇತ್ತು. ಕಲ್ಲೇ ಇಲ್ಲದಿದ್ದರೆ ಜನ ಕೇಳುತ್ತಾರೆ. ಕಡೆಗೆ ಚಿಕ್ಕಪ್ಪನೇ ದಾರಿ ಕಂಡುಹಿಡಿದರು.

"ಕಿಟಕಿ ಹೋದ್ರೆ ಹೋಗ್ಲಿ, ಬಾಗ್ಲು ಇನ್ನೂ ದೊಡ್ಡದಲ್ವೇನಣ್ಣ? 'ಚಿಕ್ಕೀರಪ್ಪನವರ ಕನಸಿನ ಬಾಗಿಲು' ಅಂತ ಹಾಕಣ. ಕನಸಿಗೆ ಸಾಕ್ಷಿ ಯಾರ್ ಕೇಳ್ತಾರೆ?"

ಅಪ್ಪನ ಮುಖ ಅರಳಿತು. "ಕೇಳ್ದೇನವ್ವ ಸೌಂದರ್ಯಾ? ಕನಸು ಅಂತ ಬರ್ಬೇಕು. ಮೊದಲಿನ ಥರಾನೇ ಚೆನ್ನಾಗಿ ಬರಿ. ನೀನೇ ಚಳ್ಳಕೆರೆಗೆ ಹೋಗಿ ಕಲ್ಲು ಕೆತ್ತೋ ಅಂಗಡಿಯೋನಿಗೆ ಕೊಟ್ಟು ಬಾ. ಬೇರೆ ಯಾರ ಕೈಯಾಗೂ ಕೊಡಂಗಿಲ್ಲ, ತಪ್ಪು ಮಾಡ್ತಾರೆ."

ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಚೆನ್ನಾಗಿ ಬರುತ್ತದೆ. ಕನಸು ಎಂದು ಬರೆದರೆ ಅಪ್ಪ ಮತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ, ಮತ್ತೆ ಫೋನು ಮಾಡುತ್ತಾರೆ, ನನ್ನ ಮಗಳು ಎನ್ನುತ್ತಾರೆ. ಬರೆಯದಿದ್ದರೆ ಇನ್ನು ಮುಂದೆ ಅವರು ನನ್ನನ್ನು ಕರೆಯುವುದು ಕಾಫಿ ತಟ್ಟೆಗೆ ಮಾತ್ರ. ಕನಸು ಎಂದು ಬರೆದೆ. ಹೊಡೆದು ಹಾಕಿದೆ. ಮತ್ತೆ ಬರೆದೆ. ಅಜ್ಜನ ಕನಸಿನಲ್ಲಿ ಏನಿತ್ತೋ ನನಗೇನು ಗೊತ್ತು? ಅಜ್ಜಿಯ ಕೈಯಲ್ಲಿ ಏನಿತ್ತೆಂಬುದು ಮಾತ್ರ ಗೊತ್ತಿತ್ತು.

ಅಜ್ಜಿ ಬಂದು ಪಕ್ಕದಲ್ಲಿ ಕೂತಳು. ಓದು ಬಾರದಿದ್ದರೂ ಹಾಳೆಯನ್ನೇ ನೋಡಿದಳು.

"ನನ್ ಹೆಸ್ರು ಹಾಕಿದ್ಯಾ?"

"ನಿಂದ್ಯಾಕಜ್ಜಿ?"

"ಮಣ್ಣು ಕಲಸಿದ್ದು ಯಾರು, ನಿಮ್ಮಜ್ಜನಾ? ಅವನು ನೆರಳಾಗೆ ನಿಂತಿದ್ದ." ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತಿರುಗಿಸಿ ನೋಡಿ ವಾಪಸ್ ಕೊಟ್ಟಳು. "ಈ ವಯಸ್ಸಿಗೂ ರೇಷನ್ ಕಾರ್ಡು ಬಿಟ್ರೆ ನನ್ ಹೆಸ್ರು ಎಲ್ಲೂ ಇಲ್ಲ. ಮದ್ವೆ ಪತ್ರಿಕೆಯಾಗೆಲ್ಲಾ 'ಚಿಕ್ಕೀರಪ್ಪನವರ ಧರ್ಮಪತ್ನಿ' ಅಂತಾರೆ. ಒಳ್ಳೇದ್ರಾಗೆ ಹಾಕ್ಲಿಲ್ಲ, ಕೆಟ್ಟದ್ರಾಗಾದ್ರೂ ಹಾಕು."

"ಅಪ್ಪ ಬೈತಾರೆ."

"ಬೈಲಿ. ನಿಂಗೆ ಕಿವಿ ಇಲ್ವಾ? ಕೇಳಿಸ್ಕೋ."

ಚಳ್ಳಕೆರೆಯಲ್ಲಿ ಕಲ್ಲು ಕೆತ್ತುವುದು ಈಗ ಕಂಪ್ಯೂಟರು. ಅಂಗಡಿಯವನು ಟೈಪ್ ಮಾಡಿಕೊಳ್ಳುತ್ತ ನಡುವೆ ನಿಲ್ಲಿಸಿದ.

"ಮೇಡಂ, 'ಮುಚ್ಚಿಸಿದರು' ಅಂತೈತೆ. 'ತೆರೆಸಿದರು' ಅಂತಿರ್ಬೇಕೇನೋ. ಎಲ್ರುದ್ದೂ ಕಟ್ಟಿಸಿದರು, ತೆರೆಸಿದರು ಅಂತಾನೇ ಬರೋದು. ನಾನೇ ಸರಿ ಮಾಡ್ಲಾ?"

"ಬೇಡ" ಎಂದೆ. ಅವನಿಗೆ ಕೇಳಿಸಲಿಲ್ಲ, ಹೊರಗೆ ಖಾಸಗಿ ಬಸ್ಸಿನವನು "ಹಿರಿಯೂರ್, ಹಿರಿಯೂರ್" ಎಂದು ಕೂಗುತ್ತಿದ್ದ. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದೆ. "ಬೇಡ್ರಿ. ಮುಚ್ಚಿಸಿದರು ಅಂತಾನೇ ಇರ್ಬೇಕು."

"ಶ್ರೀಮಾನ್, ಪೂಜ್ಯ, ಏನೂ ಬ್ಯಾಡ್ವಾ? ಅದಕ್ಕೇನ್ ಎಕ್ಸ್‌ಟ್ರಾ ಇಲ್ಲ."

"ಏನೂ ಬೇಡ."

ಕಲ್ಲು ಪೇಪರಿನಲ್ಲಿ ಸುತ್ತಿಕೊಂಡು ಆಟೋದಲ್ಲಿ ಬಂತು. ಕಾರ್ಯಕ್ರಮದ ಬೆಳಿಗ್ಗೆ, ಅಪ್ಪ ಶಾಮಿಯಾನದವರ ಮೇಲೆ ಕೂಗಾಡುತ್ತಿದ್ದಾಗ, ಗಾದ್ರಪ್ಪ ಅದನ್ನು ಬಾಗಿಲ ಪಕ್ಕದ ಗೋಡೆಗೆ ಕೂರಿಸಿದ. ಪೇಪರು ಬಿಚ್ಚಿ ಸ್ವಲ್ಪ ಹೊತ್ತು ನೋಡಿದ.

"ಇದನ್ನೇ ಕೂರಿಸ್ಬೇಕಾ ತಾಯೀ?"

"ಹೂಂ."

"ಯಜಮಾನ್ರು ನೋಡ್ಯಾರಾ?"

ನಾನು ಶಾಮಿಯಾನದ ಕಡೆ ನೋಡಿದೆ.

"ಸರಿ ಬಿಡು. ನಂಗೆ ಓದಕ್ಕೆ ಬರಲ್ಲ ಅನ್ಕಾ" ಎಂದು ಸಿಮೆಂಟು ಬಳಿದು, ಮೇಲೆ ಹಸಿರು ಬಟ್ಟೆ ಇಳಿಬಿಟ್ಟ.

ಮುಖ್ಯ ಅತಿಥಿ ಗೋವರ್ಧನ ಅವರು ಅಪ್ಪನ ಮಂಡಿಯ ಗೆಳೆಯ, ಈಗ ರಾಜಕೀಯದಲ್ಲಿದ್ದಾರೆ. ಬರುತ್ತಲೇ, "ಮೊಳಕಾಲ್ಮೂರಿನಾಗೆ ಇನ್ನೊಂದು ಫಂಕ್ಷನ್ ಐತೆ, ಬೇಗ ಬೇಗ" ಎಂದರು. ಅಪ್ಪ ಮೈಕು ಹಿಡಿದು, "ಈ ಫಲಕದ ಒಂದೊಂದು ಅಕ್ಷರವೂ ನನ್ನ ಮಗಳದ್ದು" ಎಂದು ಸಾರಿದರು. ನನ್ನನ್ನು ಎದ್ದು ನಿಲ್ಲಿಸಿದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ, ಬಿಳಿ ಅಂಗಿ ಹಾಕಿಕೊಂಡು ಮಗಳ ಪಕ್ಕದಲ್ಲಿ ಕೂತಿದ್ದ ಯತ್ತಪ್ಪ ಮಾತ್ರ ಕೈ ಕಟ್ಟಿಕೊಂಡೇ ಇದ್ದ. 'ಕನಸಿನ ಬಾಗಿಲು' ಎಂಬ ಬರಹದ ಸುದ್ದಿ ಅವರಿಬ್ಬರಿಗೂ ಮುಟ್ಟಿತ್ತೆಂದು ಕಾಣುತ್ತದೆ, ಯತ್ತಪ್ಪ ಸ್ಟೇಜು ಹತ್ತಿರಲಿಲ್ಲ.

ಗೋವರ್ಧನ ಅವರು ಬಟ್ಟೆ ಎಳೆದರು. ಎಳೆಯುವಾಗಲೂ ಮುಖ ಕ್ಯಾಮೆರಾದ ಕಡೆಗೇ ಇತ್ತು. ಅಪ್ಪ, ಚಿಕ್ಕಪ್ಪನ ಮುಖಗಳೂ ಅಲ್ಲಿಗೇ. ಕಲ್ಲಿಗೆ ಮೂವರ ಬೆನ್ನು ಮಾತ್ರ ಕಂಡಿತು. ಅತಿಥಿಗಳು ಭಾಷಣಕ್ಕೆ ನಿಂತರು.

"ಚಿಕ್ಕೀರಪ್ಪನವರು ಈ ಊರಿಗೆ ಏನು ಮಾಡ್ಯಾರೆ ಅನ್ನೋದನ್ನ ನಾನು ಹೇಳಬೇಕಾಗಿಲ್ಲ, ಬಂಧುಗಳೇ. ಈ ಕಲ್ಲೇ ಹೇಳುತ್ತೆ! ಇಂಥಾ ಮನೆತನ ಪ್ರತಿ ಊರಿಗೂ ಒಂದೊಂದು ಇದ್ದಿದ್ದರೆ ನಮ್ಮ ತಾಲ್ಲೂಕು ಇವತ್ತು ಹಿಂಗಿರ್ತಿತ್ತಾ?"

ಅಪ್ಪ ಕೈಮುಗಿದರು. ಹೆಡ್ಮಾಸ್ತರರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ಊಟಕ್ಕೆ ಬಿಟ್ಟಾಗ ಮಕ್ಕಳು ತಟ್ಟೆ ಹಿಡಿದು ಆ ಬಾಗಿಲಿಗೇ ಬಂದರು, ಹೊಸ ಕಲ್ಲು ನೋಡಿ ನಿಂತರು. ಗೋಡೆಯ ಮೇಲೆ ಅಕ್ಷರ ಕಂಡರೆ ಗಟ್ಟಿಯಾಗಿ ಓದಬೇಕೆಂದು ಅವರಿಗೆ ಅಭ್ಯಾಸ ಮಾಡಿಸಿದ್ದಾರೆ. ಮೂರನೇ ಕ್ಲಾಸಿನ ಕಾಂಚನಾ ಬೆರಳಿಟ್ಟು ಶುರುಮಾಡಿದಳು, ಉಳಿದವರು ಮಗ್ಗಿಯ ರಾಗದಲ್ಲಿ ಅವಳ ಹಿಂದೆ.

"ಈ ಬಾ-ಗಿ-ಲು ಶಾ-ಲೆ ಕ-ಟ್ಟಿ-ದಾ-ಗ-ಲೇ ಇ-ತ್ತು. ಕಾ-ಲೊ-ನಿ-ಯ ಮ-ಕ್ಕ-ಳು ಒ-ಳ-ಗೆ ಬಾ-ರ-ದಿ-ರ-ಲೆಂ-ದು ಚಿ-ಕ್ಕೀ-ರ-ಪ್ಪ-ನ-ವ-ರು ಇ-ದ-ನ್ನು ಮು-ಚ್ಚಿ-ಸಿ-ದ-ರು."

ಅತಿಥಿಗಳನ್ನು ಕಾರಿನತ್ತ ಕರೆದೊಯ್ಯುತ್ತಿದ್ದ ಅಪ್ಪ ನಿಂತರು. ತಿರುಗಿ ಬಂದರು. ಮಕ್ಕಳ ತಲೆಗಳ ಮೇಲಿಂದ ಬಗ್ಗಿ, ತುಟಿ ಅಲ್ಲಾಡಿಸುತ್ತ ತಾವೂ ಓದಿದರು. ಮಕ್ಕಳು ಅವರಿಗಿಂತ ಮುಂದಿದ್ದರು.

"ಮ-ಣ್ಣು ಕ-ಲ-ಸಿ-ದ-ವ-ರು ನಿಂ-ಗ-ಕ್ಕ. ಕ-ಲ್ಲು ಕೂ-ರಿ-ಸ-ಲು ಹೋ-ದಾ-ಗ ಬಾ-ಗಿ-ಲು ತಾ-ನಾ-ಗಿ ತೆ-ರೆ-ದು-ಕೊಂ-ಡಿ-ತು."

"ಏನೋ ಕೈತಪ್ಪಾಗೈತೆ" ಎಂದರು ಚಿಕ್ಕಪ್ಪ ಸುತ್ತ ನೆರೆದವರಿಗೆ. "ಅಂಗಡಿಯೋನು ಯಾರದ್ದೋ ಕಲ್ಲು ಕೊಟ್ಟವ್ನೆ."

"ಯಾರದ್ದೋ ಅಜ್ಜನೂ ಚಿಕ್ಕೀರಪ್ಪನೇ ಏನ್ರಿ?" ಶಾಂತಕುಮಾರಿಯ ದನಿ.

ಅಪ್ಪ ನನ್ನ ಕಡೆ ನೋಡಿದರು. ಕೈಯಲ್ಲಿ ಮೈಕು ಇಲ್ಲದಿದ್ದರೂ ಎಲ್ಲರಿಗೂ ಕೇಳಿಸುವಂತೆ ಕೇಳಿದರು. "ಯಾರ್ ಬರ್ದಿದ್ದು ಇದನ್ನ?"

"ನಾನೇ ಅಪ್ಪ" ಎಂದೆ. "ಒಂದೊಂದು ಅಕ್ಷರವೂ."

ಬೈಗುಳ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದು ಬರಲಿಲ್ಲ. ಅಪ್ಪ ಗಾದ್ರಪ್ಪನ ಕಡೆ ತಿರುಗಿ, "ಕೀಳಲೇ ಅದನ್ನ" ಎಂದರು.

"ಯಾವೋನೋ ಅವನು ಕೀಳೋನು?" ಅಜ್ಜಿ ಕೋಲೂರಿಕೊಂಡು ಶಾಮಿಯಾನದ ಕೆಳಗಿಂದ ಬರುತ್ತಿದ್ದಳು. "ನನ್ ಹೆಸ್ರು ಐತೆ ಅದರಾಗೆ. ಎವಡ್ರಾ ವಾಡು? ಮುಟ್ಲಿ ನೋಡ್ತೀನಿ."

ಗಾದ್ರಪ್ಪ ಹಾರೆಯನ್ನು ಮೆಲ್ಲನೆ ಬೆನ್ನ ಹಿಂದೆ ಹಿಡಿದುಕೊಂಡ. ಗೋವರ್ಧನ ಅವರ ಕಾರು ಹಾರ್ನ್ ಹೊಡೆಯಿತು. ಅಪ್ಪ ಒಂದು ಗಳಿಗೆ ತಮ್ಮ ತಾಯಿಯನ್ನೂ ಕಲ್ಲನ್ನೂ ನೋಡಿದರು. ಆಮೇಲೆ, "ತಡೀರಿ, ನಾನೂ ಮೊಳಕಾಲ್ಮೂರಿಗೆ ಬರ್ತೀನಿ" ಎಂದು ಕಾರಿನ ಹಿಂದಿನ ಸೀಟಿನಲ್ಲಿ ಹತ್ತಿ ಕೂತುಬಿಟ್ಟರು. ಅವರಿಗೆ ಮೊಳಕಾಲ್ಮೂರಿನಲ್ಲಿ ಏನೂ ಕೆಲಸವಿರಲಿಲ್ಲ. ಚಿಕ್ಕಪ್ಪ ಇನ್ನೊಂದು ಬಾಗಿಲು ತೆಗೆದು ತಾವೂ ತೂರಿಕೊಂಡರು. ನನ್ನ ಕಡೆಗಿದ್ದ ಕಿಟಕಿಯ ಗಾಜು ಮೇಲೇರಿತು.

ಅಜ್ಜಿ ಬಂದವಳೇ ಸುಸ್ತಾಗಿ ಹೊಸ್ತಿಲ ಮೇಲೆ ಕುಸಿದು ಕೂತಳು. "ಎಲ್ಲೈತೆ? ತೋರ್ಸು" ಎಂದು ಕೈ ಚಾಚಿದಳು. ನನ್ನನ್ನು ಕೇಳಿದ್ದಳು, ಆದರೆ ಹತ್ತಿರವಿದ್ದ ಕಾಂಚನಾ ಆ ಸುಕ್ಕುಗಟ್ಟಿದ ಬೆರಳನ್ನು ಹಿಡಿದು ಅಕ್ಷರದ ಮೇಲಿಟ್ಟಳು. ನಮ್ಮ ಬೀದಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿ ಕೈ ಹಿಂದಕ್ಕೆಳೆದುಕೊಳ್ಳಲು ನೋಡಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಬೆರಳು ಮಾತ್ರ ಅಲ್ಲೇ ಇತ್ತು.

"ನಿಂ. ಗ. ಕ್ಕ. ಈ ಕ್ಕ ಕಷ್ಟ ಅಜ್ಜಿ, ಒತ್ತು ಐತೆ."

"ಇಷ್ಟೇನಾ? ಇಷ್ಟು ಗಿಡ್ಡಾನಾ ನನ್ ಹೆಸ್ರು?"

"ಇಷ್ಟೇ."

ಅಜ್ಜಿ ಮತ್ತೊಮ್ಮೆ ತಡವಿದಳು. ಎದ್ದು ಬಂದ ಯತ್ತಪ್ಪ ಹಿಂದೆ ನಿಂತು, ಕಲ್ಲನ್ನು ನಿಧಾನವಾಗಿ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದ. ಅಡುಗೆ ಕೋಣೆಯಿಂದ ಸಾರಿನ ಒಗ್ಗರಣೆಯ ವಾಸನೆ ಬಂತು. ಹಿಂದಿನ ಸಾಲಿನ ಮಕ್ಕಳು ತಟ್ಟೆ ಬಡಿಯತೊಡಗಿದರು.

"ಅಜ್ಜೀ" ಎಂದಳು ಕಾಂಚನಾ, "ಬಾಗ್ಲಿಗೆ ಅಡ್ಡ ಕುಂತಿದ್ದೀರಿ. ಸ್ವಲ್ಪ ಸರೀರಿ, ನಾವು ಹೋಗ್ಬೇಕು."

ಅಜ್ಜಿ ಅವಳನ್ನು ನೋಡಿದಳು. ನಂತರ ಸೀರೆಯ ಸೆರಗು ಎತ್ತಿಕೊಂಡು, ಕೈಯೂರಿ, ಪಕ್ಕಕ್ಕೆ ಸರಿದಳು.